ಅಪ್ಪ ನನಗೆಂದು ತೋಡಿದ ಕುಣಿ

ಕೊಟ್ಟೂರಿನ ನಮ್ಮ ಓಣಿಯಲ್ಲಿ ಕರೆಂಟು ಹೋದರೆ ಟೀವಿ, ಮಿಕ್ಸಿ, ಗಿರಣಿ ಎಲ್ಲ ಒಟ್ಟಿಗೆ ನಿಲ್ಲುತ್ತವೆ. ಗಿರಣಿಯೊಂದೇ ನಿಂತರೆ ಯಾರೋ ಸತ್ತಿದ್ದಾರೆಂದು ಅರ್ಥ. ಹೆಂಗಸರು ರೊಟ್ಟಿ ತಟ್ಟುವ ಕೈಯಲ್ಲೇ ಹೊರಗೆ ಬಂದು "ಯಾರ್ ಹೋದ್ರಬೇ?" ಎಂದು ಕೇಳುತ್ತಿದ್ದರು. ಅಷ್ಟರಲ್ಲಿ ಅಪ್ಪ ಗುದ್ದಲಿ, ಸಲಿಕೆ ಹೆಗಲಿಗೇರಿಸಿ ಹಳ್ಳದ ದಂಡೆಯ ಸುಡುಗಾಡಿನ ಕಡೆ ಹೊರಟಿರುತ್ತಿದ್ದ. ಮೈತುಂಬ ಹಿಟ್ಟು ಮೆತ್ತಿಕೊಂಡು, ಕಣ್ಣೆರಡು ಮಾತ್ರ ಕರ್ರಗೆ ಕಾಣುವ ಆ ಮನುಷ್ಯ ಎದುರಾದರೆ ಸಣ್ಣ ಮಕ್ಕಳು ಕಿಟಾರನೆ ಕಿರುಚುತ್ತಿದ್ದವು.

ನನ್ನಪ್ಪ ದೊಡ್ಡಬೀರಪ್ಪ. ಗಿರಣಿ ಅವನ ಹೊಟ್ಟೆಪಾಡು. ಸತ್ತವರಿಗೆ ಕುಣಿ ತೋಡುವುದು ಅವನೇ ಮೈಮೇಲೆ ಹಾಕಿಕೊಂಡ ಕೆಲಸ. ಯಾರು, ಯಾವ ಮಂದಿ ಎಂದು ಕೇಳುತ್ತಿರಲಿಲ್ಲ. ಸಾವಿನ ಮನೆಯಲ್ಲಿ ಒಂದು ಲೋಟ ಚಹಾ ಕೂಡ ಕುಡಿದವನಲ್ಲ. ದೇವರಂಥ ಮನುಷ್ಯ ಅಂತ ಊರೆಲ್ಲ ಹೊಗಳುತ್ತಿತ್ತು. ಊರಿಗೇನು, ದೇವರಂಥವನ ಜೊತೆ ಸಂಸಾರ ಮಾಡಬೇಕಿತ್ತೇ? ನನ್ನ ಮದುವೆ ಮೈಲಾರದಲ್ಲಿ ಆಯಿತು. ಅಕ್ಕಿಕಾಳು ಬೀಳುವ ಹೊತ್ತಿಗೇ ಫೋನು ಬಂತು, ಓಣಿಯ ಮುದುಕನೊಬ್ಬ ತೀರಿಕೊಂಡನೆಂದು. ಅಪ್ಪ ನನ್ನ ತಲೆಯ ಮೇಲೆ ನಾಲ್ಕು ಕಾಳು ಹಾಕಿ, ಸುತ್ತಿದ್ದ ರುಮಾಲನ್ನೂ ಬಿಚ್ಚದೆ ಬಸ್ಸು ಹತ್ತಿ ಹೋದ. ಆಮೇಲೆ ನಾಲ್ಕು ತಿಂಗಳು ಅವನೊಡನೆ ಮಾತು ಬಿಟ್ಟಿದ್ದೆ. ನನ್ನ ಸಿಟ್ಟೇ ಹಾಗೆ.

ಅವನು ತೋಡಿದ ಅಷ್ಟೂ ಕುಣಿಗಳಲ್ಲಿ ಒಂದು ನನ್ನದು.

ಆಗ ನನಗೆ ಎಂಟು ವರ್ಷ. ಜ್ವರ ತಲೆಗೇರಿತ್ತು. ಅವ್ವ ಕೊಟ್ರಬಸಮ್ಮನೂ ಸೋದರಮಾವ ಗಂಗಾಧರನೂ ನನ್ನನ್ನು ದೂರದ ದೊಡ್ಡ ಆಸ್ಪತ್ರೆಗೆ ಸೇರಿಸಿದ್ದರು. ಆರನೇ ದಿನ ಡಾಕ್ಟರು ಕೈಚೆಲ್ಲಿದರಂತೆ. ಜೀಪಿನಲ್ಲಿ ಮಲಗಿಸಿಕೊಂಡು ಊರಿಗೆ ಹೊರಟಾಗ ದಾರಿಯಲ್ಲೇ ನನ್ನ ಮೈ ತಣ್ಣಗಾಯಿತು, ಉಸಿರು ಕೈಗೆ ಸಿಗಲಿಲ್ಲ. ಮಾವ ಜೀಪು ನಿಲ್ಲಿಸಿ, ಎಸ್‌ಟಿಡಿ ಬೂತಿನಿಂದ ನಮ್ಮ ಪಕ್ಕದ ಮನೆಗೆ ಫೋನು ಮಾಡಿದ: "ಮುಗೀತು. ಬೀರಪ್ಪ ಮಾವಗ ಹೇಳ್ರಿ, ಹೊತ್ತು ಮುಣುಗೂದ್ರೊಳಗ ಬರ್ತೀವಿ."

ಆಸ್ಪತ್ರೆಯಲ್ಲಿ ಕೇಳಿದ ರೇಷನ್ ಕಾರ್ಡು ತರಲೆಂದು ಹಿಂದಿನ ದಿನವಷ್ಟೇ ಅಲ್ಲಿಂದ ಊರಿಗೆ ಬಂದಿದ್ದ ಅಪ್ಪ, ಬಂದಿದ್ದ ಕಾಳು ಬೀಸಿ ಕೊಟ್ಟು ಹೋಗೋಣವೆಂದು ಗಿರಣಿಯಲ್ಲಿದ್ದ. ಸುದ್ದಿ ಕೇಳಿ ಗಿರಣಿ ನಿಲ್ಲಿಸಿದ. ಎಂದಿನಂತೆ ಹೆಂಗಸರು "ಯಾರ್ ಹೋದ್ರು?" ಎಂದು ಕೇಳಿದರು. "ನಮ್ಮ ಚಂದನಾ" ಅಂದ. ಸದಾ ಅವನ ಜೊತೆಗಿರುತ್ತಿದ್ದ ಬಂಗಾರಪ್ಪ ಸಲಿಕೆ ಹಿಡಿದು ಬಂದರೆ ಮುಟ್ಟಗೊಡಲಿಲ್ಲ. "ಇದನ್ನ ನಾನಽ ತೋಡ್ತೀನಿ, ನೀ ಕುಂದ್ರು" ಅಂದನಂತೆ.

ಇತ್ತ ಜೀಪು ಕೂಡ್ಲಿಗಿ ದಾಟುವಷ್ಟರಲ್ಲಿ ನಾನು ಬಾಯಿಬಿಟ್ಟು "ಅವ್ವಾ, ನೀರು" ಅಂದೆನಂತೆ. ಜೀಪನ್ನು ಹಿಂದಕ್ಕೆ ತಿರುಗಿಸಿ ಕೂಡ್ಲಿಗಿಯಲ್ಲೇ ಸಲೈನು ಹಚ್ಚಿಸಿದರು. ಆ ಗಾಬರಿಯಲ್ಲಿ ಮತ್ತೊಂದು ಫೋನು ಮಾಡಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಸಂಜೆ ಬಸ್ಸಿಗೆ ಮಾವನೇ ಬಂದು ಹಳ್ಳದ ಕಡೆ ಓಡಿ "ಅದಾಳ ಮಾವಾ! ಜೀವ ಐತಿ!" ಎಂದು ಕೂಗಿದಾಗ ಅಪ್ಪ ಸೊಂಟದಷ್ಟು ಆಳದ ಕುಣಿಯಲ್ಲಿ ನಿಂತಿದ್ದ. ಅಲ್ಲೇ ತಳದಲ್ಲಿ ಕುಸಿದು ಕೂತನಂತೆ.

ನಾನು ಉಳಿದೆ. ಕುಣಿಯೂ ಉಳಿಯಿತು. ತೋಡಿದ ಕುಣಿಯನ್ನು ನಮ್ಮ ಓಣಿಯವರು ಖಾಲಿ ಬಿಡುವುದಿಲ್ಲ, ಖಾಲಿ ಮುಚ್ಚುವುದೂ ಇಲ್ಲ. ಕೋಳಿಯನ್ನೋ ಬಾಳೆದಿಂಡನ್ನೋ ಇಟ್ಟು ಮಣ್ಣೆಳೆಯಬೇಕು. ಓಣಿಯ ಹಿರಿಯಳು ಮಾಳಮ್ಮಜ್ಜಿ ಅಪ್ಪನಿಗೆ ಹೇಳಿದಳಂತೆ: "ಬೀರಪ್ಪಾ, ಅದು ಹುಡುಗಿ ಹೆಸರಿಗೆ ಬಾಯಿ ತೆರದೈತಿ. ಕೋಳಿಗೆಲ್ಲ ಸುಮ್ನಾಗಂಗಿಲ್ಲ. ಸರಿಯಾಗಿ ಕೊಡಪಾ." ಅಪ್ಪ ಎಲ್ಲರನ್ನೂ ಮನೆಗೆ ಕಳಿಸಿ, ಒಬ್ಬನೇ ಮುಚ್ಚಿದ. ಏನಿಟ್ಟನೋ ಯಾರೂ ನೋಡಲಿಲ್ಲ. ನಮ್ಮ ಮನೆಯ ಮೂರೂ ಕೋಳಿಗಳು ಮರುದಿನ ಅಂಗಳದಲ್ಲೇ ಕಾಳು ಹೆಕ್ಕುತ್ತಿದ್ದವು.

ಶಾಲೆಯಲ್ಲಿ ನನ್ನ ಹೆಸರು 'ಕುಣಿ ಚಂದನಾ' ಆಯಿತು. ಹಾಗೆ ಕರೆದವರಿಗೆಲ್ಲ ಹೊಡೆದು ಬರುತ್ತಿದ್ದೆ. ಅಪ್ಪ ತನ್ನ ಸಲಿಕೆಯ ಮರದ ಕಾವಿನ ಮೇಲೆ ಒಂದು ಕಚ್ಚು ಹಾಕಿಟ್ಟಿದ್ದ. ಅದು ಅಂದು ನನಗೆಂದು ಹಿಡಿದ ಕುಣಿಯ ಉದ್ದದ ಅಳತೆ. ಪ್ರತಿ ಯುಗಾದಿಗೆ ನನ್ನನ್ನು ಬಾಗಿಲಿಗೆ ಒರಗಿಸಿ, ಕಾವು ಹಿಡಿದು ನೋಡುತ್ತಿದ್ದ. ನನಗೆ ಹತ್ತು ತುಂಬಿದ ವರ್ಷ ನೆತ್ತಿ ಆ ಕಚ್ಚನ್ನು ದಾಟಿದಾಗ ಓಣಿಗೆಲ್ಲ ಬೆಲ್ಲ ಹಂಚಿದ. ಆದರೂ ಮೊದಲ ಮಳೆ ಬಿದ್ದ ಮರುದಿನ ಒಂದು ಬುಟ್ಟಿ ಮಣ್ಣು ಹೊತ್ತು ಹಳ್ಳಕ್ಕೆ ಹೋಗುವುದನ್ನು ಮಾತ್ರ ಬಿಡಲಿಲ್ಲ. "ಮತ್ತ ತಗ್ಗು ಬಿದ್ದೈತಿ" ಅನ್ನುತ್ತಿದ್ದ. ನಾನೀಗ ಹಗರಿಬೊಮ್ಮನಹಳ್ಳಿಯಲ್ಲಿ ವಿಜ್ಞಾನದ ಟೀಚರು. ಸಡಿಲ ಮಣ್ಣು ಮಳೆಗೆ ಕೂರುತ್ತದೆಂದು ನನಗೂ ಗೊತ್ತು. ಒಂದು ವರ್ಷ ಕೂರಲಿ, ಎರಡು ವರ್ಷ ಕೂರಲಿ. ಇಪ್ಪತ್ತೆರಡು ವರ್ಷ ಕೂರುತ್ತದೆಯೇ? ಅಕ್ಕಪಕ್ಕದ ಕುಣಿಗಳೆಲ್ಲ ಗಟ್ಟಿಯಾಗಿ, ಮೇಲೆ ಹುಲ್ಲು ಬೆಳೆದಿತ್ತು. ನನ್ನದೊಂದೇ ಪ್ರತಿ ವರ್ಷ ಒಂದು ಬುಟ್ಟಿ ಕೇಳುತ್ತಿತ್ತು.

ಇನ್ನೊಂದು ವಿಷಯ ಉಂಟು. ನಾನು ಸತ್ತು ಬದುಕಿದ ಆ ವಾರದಿಂದ ಅಪ್ಪನ ಸೊಂಟದಲ್ಲಿ ಬೆಳ್ಳಿಯ ಉಡದಾರ ಇರಲಿಲ್ಲ. ನಮ್ಮಲ್ಲಿ ಗಂಡಸಿನ ಉಡದಾರ ಬಿಚ್ಚುವುದು ಅವನು ಸತ್ತಾಗ ಮಾತ್ರ. ಅವ್ವ ದಿನಾ ಬಯ್ಯುತ್ತಿದ್ದಳು: "ಹೆಣದ ಸೊಂಟ ಅಷ್ಟಽ ಬರೇದಿರೂದು. ಹೆಂಡ್ತಿ ಮುಂದ ಹಂಗ ಓಡ್ಯಾಡಾಕ ನಿಮಗೇನೂ ಅನಸಂಗಿಲ್ಲ?" ಅಪ್ಪ "ಕಳಕೊಂಡೀನಿ ಬಿಡು" ಅನ್ನುತ್ತಿದ್ದ. ಅವಳು ಮೈಲಾರದಿಂದ ಕರಿ ದಾರ ತಂದು ಕೊಟ್ಟರೆ ಅದನ್ನು ಟಗರಿನ ಕೊರಳಿಗೆ ಕಟ್ಟಿದ.

ಈ ವರ್ಷ ಯುಗಾದಿ ಕಳೆದು ವಾರಕ್ಕೆ ಅಪ್ಪ ಹೋದ. ಗಿರಣಿಯಲ್ಲೇ, ಜೋಳದ ಚೀಲಕ್ಕೆ ಒರಗಿ. ಗಿರಣಿ ನಿಂತಿರಲಿಲ್ಲ, ಹಾಗಾಗಿ ಯಾರಿಗೂ ತಿಳಿಯಲಿಲ್ಲ. ಕಾಳು ಮುಗಿದು ಕಲ್ಲಿಗೆ ಕಲ್ಲು ಉಜ್ಜುವ ಕರ್ಕಶ ಸದ್ದು ಎಷ್ಟು ಹೊತ್ತಾದರೂ ನಿಲ್ಲದ್ದರಿಂದ ಅವ್ವ ಹೋಗಿ ನೋಡಿದ್ದಳು. ಹೆದರಿ ಮೇನ್ ಸ್ವಿಚ್ಚನ್ನೇ ಇಳಿಸಿಬಿಟ್ಟಳಂತೆ.

ನಾನು ನನ್ನ ನಾಲ್ಕು ವರ್ಷದ ಮಗಳು ಕೀರ್ತನಾಳನ್ನು ಎತ್ತಿಕೊಂಡು ಬಂದಿಳಿದಾಗ ಅವ್ವ ಕಿವಿಯಲ್ಲಿ ಹೇಳಿದಳು: "ನಿಮ್ಮಪ್ಪ ಹೇಳಿಟ್ಟಾರ. ನಿನ್ನ ಕುಣ್ಯಾಗಽ ಇಡಬೇಕಂತ. ಬಂಗಾರಪ್ಪ ಆಗಲೇ ಹೋಗ್ಯಾನ."

ಮುಚ್ಚಿದ ಬಾಯಿಯನ್ನು ಮತ್ತೆ ತೆರೆಯುವುದೇ? ನನ್ನನ್ನು ಬಿಟ್ಟುಕೊಟ್ಟದ್ದು ಈಗ ಯಾರನ್ನು ಕೇಳೀತು? ನನ್ನ ಮಗಳು ಅಜ್ಜಿಯ ಮಡಿಲಲ್ಲಿ ಕೂತು ಬೆರಳು ಚೀಪುತ್ತಿದ್ದಳು. ವಿಜ್ಞಾನವೂ ಬೇಡ, ಏನೂ ಬೇಡ ಎಂದು ಬರಿಗಾಲಲ್ಲೇ ಹಳ್ಳದ ಕಡೆ ಓಡಿದೆ.

"ಮಾಮಾ, ನಿಲ್ಲಿಸ್ರಿ! ಬ್ಯಾರೆ ಕಡೆ ತೋಡ್ರಿ!" ಎಂದು ದೂರದಿಂದಲೇ ಕೂಗಿದೆ.

ಬಂಗಾರಪ್ಪ ಆಗಲೇ ನಿಲ್ಲಿಸಿದ್ದ. "ಇದು ಮಗಿನ ಕುಣಿ ಅಲ್ಲವ್ವ" ಅಂದ. "ಮೆತ್ತನ ಮಣ್ಣು ಆರು ಫೂಟು ಉದ್ದ ಐತಿ. ನಿಮ್ಮಪ್ಪ ಆಮ್ಯಾಲೆ ಹಿಗ್ಗಿಸ್ಯಾನ. ಬಗ್ಗಿ ನೋಡು."

ಬಗ್ಗಿ ನೋಡಿದೆ. ತಲೆಯ ಕಡೆ ಐದು ಅಂಗಿ ಗುಂಡಿಗಳು, ಒಂದರ ಕೆಳಗೊಂದು. ಅಂಗಿ ಮಣ್ಣಾಗಿತ್ತು. ಅದರ ಕೆಳಗೆ, ಸೊಂಟ ಇರಬೇಕಾದ ಜಾಗದಲ್ಲಿ, ಕಪ್ಪಿಟ್ಟ ಬೆಳ್ಳಿಯ ಉಡದಾರ. ಕೊಂಡಿ ಹಾಕಿದ್ದು ಹಾಕಿದಂತೆಯೇ ದುಂಡಗೆ ಬಿದ್ದಿತ್ತು. ಕಾಲ ಕಡೆ ಟಯರಿನ ಎರಡು ಚಪ್ಪಲಿಗಳು, ಬೆರಳ ತುದಿ ಮೇಲಕ್ಕೆ. ಒಬ್ಬ ಮನುಷ್ಯ ಅಂಗಾತ ಮಲಗಿದ್ದ. ಮನುಷ್ಯ ಮಾತ್ರ ಇರಲಿಲ್ಲ.

"ಮಗಳ ಬದ್ಲಿ ತನ್ನ ತಾನಽ ಇಟ್ಟು ಮುಚ್ಯಾನವ್ವ" ಎಂದು ಬಂಗಾರಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡ.

ಕುಣಿಯ ಅಂಚಿನಲ್ಲೇ ಕೂತುಬಿಟ್ಟೆ. ಇಪ್ಪತ್ತೆರಡು ವರ್ಷ ನಮ್ಮ ಜೊತೆ ಉಂಡು ಎದ್ದವನು, ಅವನ ಮನಸ್ಸಿನಲ್ಲಿ, ಇಲ್ಲಿ ಮಲಗಿದ್ದ. ಪ್ರತಿ ವರ್ಷ ಬುಟ್ಟಿ ಹೊತ್ತು ತಂದು ತನ್ನ ಮೇಲೆ ತಾನೇ ಮಣ್ಣು ಹಾಕಿಕೊಳ್ಳುತ್ತಿದ್ದ. ಸತ್ತವನಿಗೆ ಮನೆಯೇನು, ಮಗಳ ಮದುವೆಯೇನು? ಕರೆದವರ ಹಿಂದೆ ಹೋಗುತ್ತಿದ್ದ. ನಾಲ್ಕು ತಿಂಗಳು ಮಾತು ಬಿಟ್ಟೆನಲ್ಲ, ನನ್ನ ಬಾಯಿಗೆ ಮಣ್ಣು ಹಾಕ.

ಉಡದಾರವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದೆ. ಅಪ್ಪನ ಮೈ ತೊಳೆಯಲು ನೀರು ತಂದಿಟ್ಟಿದ್ದರು. ನಾನು ಸೆರಗು ಬಿಚ್ಚಿ ಅವನ ಸೊಂಟದ ಕಡೆ ಬಾಗಿದಾಗ ಹಿರಿಯರೊಬ್ಬರು ಕೈ ಅಡ್ಡ ಹಿಡಿದರು. "ಹೆಣಕ್ಕ ಉಡದಾರ ಕಟ್ಟಬಾರದವ್ವ. ಅದು ಬಿಚ್ಚೂ ಹೊತ್ತು."

"ಬಿಚ್ಚಾಕ ಮೊದಲು ಇರಬೇಕಲ್ರೀ?" ಅಂದೆ. ದನಿ ಏರಿತ್ತು. "ನಮ್ಮಪ್ಪ ಅವತ್ತು ಸತ್ತಿಲ್ಲ. ಇವತ್ತು ಸತ್ತಾನ. ಇವತ್ತು!"

ಎಲ್ಲರೂ ಅವ್ವನನ್ನು ನೋಡಿದರು. ಅವಳು ನನ್ನ ಕೈಯಲ್ಲಿದ್ದ ಕಪ್ಪು ಬೆಳ್ಳಿಯನ್ನೂ ಅದಕ್ಕೆ ಮೆತ್ತಿದ್ದ ಮಣ್ಣನ್ನೂ ನೋಡಿದಳು. ಕೇಳಬೇಕಾದ್ದೇನೂ ಉಳಿಯಲಿಲ್ಲ ಅನ್ನಿಸುತ್ತದೆ. ಅಪ್ಪನ ಬೆನ್ನಡಿ ಕೈ ಕೊಟ್ಟು ಎತ್ತಿದಳು. "ಕಟ್ಟವ್ವ. ಒಂದ್ ಗಳಿಗಿ ಇರ್ಲಿ. ನಾ ನೋಡ್ತೀನಿ."

ಕಟ್ಟಿದೆ. ಅಪ್ಪ ಸಣ್ಣಗಾಗಿದ್ದ, ಉಡದಾರ ಸಡಿಲವಾಯಿತು. ಅದು ಮೈಮೇಲಿದ್ದಂತೆಯೇ ತಲೆಗೆ ನೀರು ಹಾಕಿದರು, ಹಣೆಗೆ ಅರಿಶಿನದ ಭಂಡಾರ ಹಚ್ಚಿದರು. ಆಮೇಲೆ ಅವ್ವನೇ ಕೊಂಡಿ ಬಿಚ್ಚಿದಳು. ಬಿಚ್ಚುವಾಗಲೂ "ಕಳಕೊಂಡೀನಿ ಅಂದಿದ್ರಿ, ಸುಳ್ಳ" ಎಂದು ಬಯ್ದು, ಆಗ ಹೋ ಎಂದು ಅತ್ತಳು.

ಇನ್ನೊಂದು ಬಾಕಿ ಇತ್ತು. ನಾನು ಗಿರಣಿಗೆ ಹೋಗಿ ಮೇನ್ ಹಾಕಿ, ಗಿರಣಿ ಚಾಲೂ ಮಾಡಿದೆ. ಖಾಲಿ ಕಲ್ಲು ಕರ್ರೆಂದು ಅರಚಿತು. ಸ್ವಲ್ಪ ಹೊತ್ತು ಓಡಲು ಬಿಟ್ಟು, ಅಪ್ಪ ನಿಲ್ಲಿಸುತ್ತಿದ್ದ ಹಾಗೆ ಕೈಯಾರೆ ನಿಲ್ಲಿಸಿದೆ.

ಅಂಗಳದಲ್ಲಿ ಹೆಣದ ಸುತ್ತ ಕೂತಿದ್ದ ಹೆಂಗಸರಲ್ಲಿ ಒಬ್ಬಳು ಎದ್ದು, ಎಲ್ಲ ಗೊತ್ತಿದ್ದವಳು, ಗಿರಣಿಯ ಬಾಗಿಲಿಗೆ ಬಂದು ಸೆರಗು ಬಾಯಿಗಿಟ್ಟು ಕೇಳಿದಳು:

"ಯಾರ್ ಹೋದ್ರಬೇ?"

"ನಮ್ಮಪ್ಪ" ಅಂದೆ.