ಮುನವ್ವರ್ ಸಾಹೇಬರ ಮುಂಗಾಜು

ನಮ್ಮ ಶಿರಸಿಗೆ ಯಾವ ಮೋಟಾರು ಬಂದರೂ ಅದರ ಮುಂಗಾಜನ್ನು ಹುರಿ ಹಿಡಿದು ಅಳೆಯುತ್ತಿದ್ದವರು ಮುನವ್ವರ್ ಸಾಹೇಬರು. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಲಾರಿ ಅವರದು. ಅದರ ಮುಂಗಾಜು ಒಡೆದಿತ್ತು, ಅಂಥದು ಇನ್ನೊಂದು ಎಲ್ಲೂ ಸಿಗುತ್ತಿರಲಿಲ್ಲ. "ಸ್ವಲ್ಪ ನಿಲ್ರಿ, ಅಳತಿ ಒಂದ್ ನೋಡ್ತೇನೆ" ಎಂದು ಕಲೆಕ್ಟರರ ಕಾರನ್ನೂ ಅವರು ಬಿಟ್ಟವರಲ್ಲ. ಮದುವೆಮನೆಯಲ್ಲಿ ಊಟ ಬಿಟ್ಟೆದ್ದು ನಿಲುವುಗನ್ನಡಿ ಅಳೆದರೆಂದು ಜನ ನಗುತ್ತಿದ್ದರು. ಆದರೆ ಕಲ್ಲು ಸಿಡಿದು ಆ ಗಾಜು ಒಡೆದ ದಿನ ಪಕ್ಕದಲ್ಲಿ ಕೂತಿದ್ದ ಹೆಂಡತಿ ಶರೀಫಾಳ ಹಣೆಗೆ ಗಾಯವಾಗಿತ್ತು. "ಗಾಜು ಹಾಕ್ಸೋ ತನಕ ಈ ಗಾಡಿ ಹತ್ತೋದಿಲ್ಲ" ಎಂದು ಸಿಟ್ಟಿನಿಂದ ಅವಳು ಯಲ್ಲಾಪುರದ ತವರಿನಲ್ಲೇ ಉಳಿದುಬಿಟ್ಟಳು. ಆಮೇಲೆ ಆ ಸೀಟಿನಲ್ಲಿ ಸಾಹೇಬರು ಯಾರನ್ನೂ ಕೂರಿಸಲಿಲ್ಲ. ಸರಕು ಹೇರಿಕೊಂಡು ಯಲ್ಲಾಪುರಕ್ಕೆ ಹೋದಾಗಲೆಲ್ಲ ಅವಳ ಮನೆಯೆದುರು ಲಾರಿ ನಿಲ್ಲಿಸಿ, ಹಾರ್ನು ಒತ್ತಿ, ಇಳಿಯದೆ ಬಾಗಿಲನ್ನೇ ನೋಡುತ್ತ ಕೂರುತ್ತಿದ್ದರು. ಅವಳು ಹೊರಬಂದು, ಖಾಲಿ ಚೌಕಟ್ಟು ನೋಡಿ, ಒಳಗೆ ಹೋಗುತ್ತಿದ್ದಳು. ಕೊನೆಗೆ ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕ ಬೇರೆ ಕಂಪನಿಯ ಹಳೆಯ ಬಸ್ಸಿನ ಗಾಜು ಈ ಲಾರಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅಂದು ಶರೀಫಾ ಗಾಜಿನ ಮೇಲೆ ಬೆರಳಾಡಿಸಿದಳು, ಅಳುತ್ತಲೇ ಹತ್ತಿ ಕೂತಳು. "ಇಷ್ಟು ವರ್ಷ ಊರೆಲ್ಲ ಗಾಜು ಹುಡುಕಿದ್ರಿ," ಎಂದಳು, "ಒಂದ್ಸಲ ಕೆಳಗಿಳಿದು ಬಂದು ಕರೆದಿದ್ರೆ ನಾನು ಬರ್ತಿರ್ಲಿಲ್ವಾ?"