ಬಾನೆಟ್ಟಿನ ಕೆಳಗಿನ ಕೆಂಪು ವೈರುಗಳು

ನಮ್ಮ ಮನೆಯ ಹಳೆಯ ಅಂಬಾಸಡರ್ ಕಾರಿನ ಬಾನೆಟ್ ಎತ್ತಿದರೆ ಮೊದಲು ಕಾಣುವುದು ಎಂಜಿನ್ ಅಲ್ಲ, ಕೆಂಪು ವೈರು. ಮಾವನವರು ಯಾವುದೋ ಕಾಲದಲ್ಲಿ ಶಿರಸಿ ಪೇಟೆಯಿಂದ ಕೆಂಪು ವೈರಿನ ಒಂದು ದೊಡ್ಡ ಸುರುಳಿ ತಂದಿದ್ದರಂತೆ. ಆಮೇಲೆ ಕಾರಿಗೆ ಏನು ಕೂರಿಸಿದರೂ ಅದೇ ವೈರು. ಹಾರನ್ನಿಗೂ ಕೆಂಪು, ಫ್ಯಾನಿಗೂ ಕೆಂಪು, ಮಂಜಿಗೆಂದು ಹಾಕಿಸಿದ ಲೈಟಿಗೂ ಕೆಂಪು. ಯಾವುದು ಎಲ್ಲಿಗೆ ಹೋಗುತ್ತದೆ ಎಂಬುದು ಅವರ ತಲೆಯಲ್ಲಿತ್ತು. ಅವರು ತೀರಿಕೊಂಡ ಮೇಲೆ ಕಾರು ಶೆಡ್ಡಿನಲ್ಲೇ ನಿಂತಿತು. ಇವರು, ಅಂದರೆ ನನ್ನ ಗಂಡ, ಆಗಾಗ ಹೋಗಿ ಎಂಜಿನ್ ಚಾಲು ಮಾಡಿ, ಸದ್ದು ಕೇಳಿ, ಬಂದ್ ಮಾಡಿ, ಕೈ ತೊಳೆದುಕೊಂಡು ಚಹಾ ಕೇಳುತ್ತಿದ್ದರು.

ಹೋದ ವರ್ಷ ಇವರಿಗೆ ಹೃದಯದ ಆಪರೇಷನ್ ಆಯಿತು. ಆಗ ಅತ್ತೆ ಚಂದಗುಳಿಯ ಗಣಪತಿಗೆ ಒಂದು ಗಂಟೆ ಕಟ್ಟಿಸುವ ಹರಕೆ ಹೇಳಿಕೊಂಡರು. ತಾನೇ ಬಂದು ಒಪ್ಪಿಸುತ್ತೇನೆ ಎಂದೂ ಸೇರಿಸಿಬಿಟ್ಟರು. ಇವರು ಗುಣವಾದರು, ಗಂಟೆಯೂ ಬಂತು, ಅಷ್ಟರಲ್ಲಿ ಅತ್ತೆಯ ಮಂಡಿ ಕೈಕೊಟ್ಟಿತು. ನಮ್ಮ ಸಣ್ಣ ಕಾರಿನಲ್ಲಿ ಅವರ ಕಾಲು ಮಡಚುವುದಿಲ್ಲ. ಪಕ್ಕದ ಮನೆಯವರ ದೊಡ್ಡ ಕಾರನ್ನು ಹತ್ತಲಾಗುವುದಿಲ್ಲ. ಅಂಬಾಸಡರಿನ ಹಿಂದಿನ ಸೀಟೊಂದೇ ಅವರಿಗೆ ಕಾಲು ಚಾಚಿ ಕೂರಲು ಬರುವಂಥದ್ದು.

"ದೇವ್ರಿಗೆ ಒಂದು ಮಾತು ಹೇಳಿ ಹಿಂಗೆ ಕುಂತ್ಕಂಡ್ರೆ ಎಂತ ಚಂದ ತಂಗಿ?" ಎಂದು ದಿನಾ ಬೆಳಿಗ್ಗೆ ನನ್ನನ್ನು ಕೇಳುತ್ತಿದ್ದರು.

ಒಂದು ದಿನ ಇವರು ಕಾರನ್ನು ಎಕ್ಕಂಬಿಯವರೆಗೆ ಓಡಿಸಿ ನೋಡಲು ಹೊರಟರು. ನಾನೂ ಕೂತೆ. ರಸ್ತೆ ಚೆನ್ನಾಗಿದ್ದಷ್ಟು ದೂರ ಕಾರೂ ಚೆನ್ನಾಗಿತ್ತು. ಹೊಂಡ ಶುರುವಾದ ಕೂಡಲೇ ಸುಟ್ಟ ವಾಸನೆ ಬಂತು.

"ಒಲೆ ಮೇಲೆ ಎಂತಾದ್ರೂ ಇಟ್ಟಿಕ್ಕಿ ಬಂಜ್ಯ?" ಎಂದು ಇವರು ಕೇಳಿದರು.

"ಒಲೆ ಮನೇಲಿ ಇದ್ದು" ಎಂದೆ.

ಕಾರು ನಿಲ್ಲಿಸಿ ಬಾನೆಟ್ ಎತ್ತಿದೆವು. ಬ್ಯಾಟರಿಯಿಂದ ಹೊರಟ ಒಂದು ಕೆಂಪು ವೈರು ಬೆಂದ ಶಾವಿಗೆಯ ಹಾಗೆ ಮೆತ್ತಗಾಗಿತ್ತು. ಅದು ಆರಿದ ಮೇಲೆ, ಹೊಂಡ ತಪ್ಪಿಸಿಕೊಂಡು, ಎತ್ತಿನ ಗಾಡಿಯ ವೇಗದಲ್ಲಿ ಮನೆಗೆ ಬಂದೆವು.

ಮರುದಿನ ಪೇಟೆಯಿಂದ ವಾಹನಗಳ ವೈರಿಂಗ್ ಮಾಡುವ ಭಾಯಿ ಬಂದರು. ಬಾನೆಟ್ಟಿನೊಳಗೆ ಬಹಳ ಹೊತ್ತು ನೋಡಿದರು.

"ಇದನ್ನೆಲ್ಲ ಮಾಡಿದ್ದು ಯಾರು?"

"ಅಪ್ಪ" ಎಂದರು ಇವರು.

"ಇದ್ದಾರಾ?"

"ಇಲ್ಲ."

"ಹಂಗಾದ್ರೆ ನಿಧಾನ ಆಗ್ತದೆ" ಎಂದು ಭಾಯಿ ಅಂಗಿಯ ತೋಳು ಮಡಚಿದರು. ಆಮೇಲೆ ಜಗುಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅತ್ತೆಯ ಕಡೆ ನೋಡಿ, ಅವರಿಗೆ ಕೇಳದಂತೆ ಇವರಿಗೆ ಹೇಳಿದರು: "ಆ ಬಿಸಿ ವೈರು ಇರೋ ತನಕ ಅಮ್ಮನ್ನ ಇದ್ರಲ್ಲಿ ಕೂರಿಸಬೇಡಿ ಅಣ್ಣಾ. ಬೆಂಕಿ ಹತ್ತಿದ್ರೆ ನಾವು ಹಾರ್ತೇವೆ. ಅವರಿಗೆ ಇಳೀಲಿಕ್ಕೆ ಟೈಮ್ ಬೇಕು. ಕತ್ತರಿಸಿ ಬಿಡ್ಲಾ?"

ಇವರು ಒಪ್ಪಲಿಲ್ಲ. ಮಾವನವರು ಜೋಡಿಸಿಟ್ಟ ಯಾವುದನ್ನೂ ನಮ್ಮ ಮನೆಯಲ್ಲಿ ತೆಗೆಯುವುದಿಲ್ಲ. ಬಚ್ಚಲ ಮನೆಯ ಗೋಡೆಯಲ್ಲಿ ಏನನ್ನೂ ತೂಗುಹಾಕದ ಒಂದು ಕೊಕ್ಕೆ ಇದೆ, ಅದಕ್ಕೆ ನನ್ನ ತಲೆ ತಾಗುತ್ತಲೇ ಬಂದಿದೆ.

"ಅಪ್ಪ ಸುಮ್ನೆ ಏನೂ ಹಾಕೋರಲ್ಲ ಭಾಯಿ. ಯಾವುದಕ್ಕೆ ಅಂತ ಗೊತ್ತಾಗ್ಲಿ, ಆಮೇಲೆ ನೋಡುವ" ಎಂದರು.

ಹಾಗಾಗಿ ಎಲ್ಲ ವೈರುಗಳ ಮೂಲ ಹುಡುಕುವ ಕೆಲಸ ಶುರುವಾಯಿತು. ಇವರು ಒಳಗೆ ಕೂತು ಒಂದೊಂದೇ ಸ್ವಿಚ್ ಒತ್ತುವುದು, ಭಾಯಿ ಎರಡು ತಂತಿ ಕಟ್ಟಿದ ಸಣ್ಣ ಬಲ್ಬನ್ನು ವೈರಿಗೆ ತಾಗಿಸಿ ಅದು ಹೊತ್ತುತ್ತದೋ ನೋಡುವುದು, ಗುರುತು ಸಿಕ್ಕ ವೈರಿಗೆ ನಾನು ಹಳೆಯ ಸೀರೆಯ ಚೂರು ಕಟ್ಟುವುದು. ಹಾರನ್ನಿಗೆ ಹಸಿರು, ಫ್ಯಾನಿಗೆ ಹಳದಿ. ಒಂದು ವೈರು ಮಾತ್ರ ಬಹಳ ಆಟವಾಡಿಸಿ, ಕೊನೆಗೆ ಸ್ಟೇರಿಂಗಿನ ಮುಂದಿದ್ದ ದೇವರ ಪಟದ ಹಿಂದೆ, ಉರಿದುಹೋದ ಒಂದು ಪುಟ್ಟ ಬಲ್ಬಿನಲ್ಲಿ ಮುಗಿಯಿತು.

"ಅದು ಎನ್ನ ಸೀರೆ ಅಲ್ದ?" ಅತ್ತೆ ಜಗುಲಿಯಿಂದ ಕೇಳಿದರು.

"ಅಲ್ಲ ಅತ್ತೆ, ಎನ್ನದು."

"ಹಂಗಾರೆ ಅಡ್ಡಿಲ್ಲೆ."

ಬಿಸಿಯಾಗುವ ವೈರಿಗೆ ಮಾತ್ರ ಸ್ವಿಚ್ಚೇ ಇರಲಿಲ್ಲ. ಬ್ಯಾಟರಿಯಿಂದ ಹೊರಟು, ಕಾಲಡಿಯ ಮ್ಯಾಟಿನ ಕೆಳಗೆ ಹಾದು, ಹಿಂದಿನ ಸೀಟಿನಡಿ ನುಸುಳಿ ಡಿಕ್ಕಿಗೆ ಹೋಗಿ, ಸ್ಟೆಪ್ನಿಯ ಪಕ್ಕ ಸುಮ್ಮನೆ ನಿಂತುಬಿಟ್ಟಿತ್ತು. ತುದಿಗೆ ಸುತ್ತಿದ ಟೇಪು ಒಣಗಿ ಉದುರಿತ್ತು. ಹೊಂಡ ಬಂದಾಗಲೆಲ್ಲ ಬರಿಯ ತಾಮ್ರ ಡಿಕ್ಕಿಯ ತಗಡಿಗೆ ತಾಗುತ್ತಿತ್ತು.

"ಬಿಸಿ ಯಾಕೆ ಅಂತ ಗೊತ್ತಾಯ್ತು. ವೈರು ಯಾಕೆ ಅಂತ ಗೊತ್ತಾಗ್ಲಿಲ್ಲ" ಎಂದರು ಭಾಯಿ.

ಡಿಕ್ಕಿಯಲ್ಲಿ ಲೈಟ್ ಇತ್ತೇನೋ ಎಂದು ಇವರು ಟಾರ್ಚ್ ಹಿಡಿದು ಸ್ಕ್ರೂ ಹಾಕಿದ ತೂತು ಹುಡುಕಿದರು. ಅಂಥ ತೂತೇ ಇರಲಿಲ್ಲ. ನಾನು ಚಹಾ ಕೊಟ್ಟು, ಭಾಯಿ ಕೈ ಒರೆಸಿದ ಟವೆಲ್ಲನ್ನು ಹಿಂಡಿ, ಶೆಡ್ಡಿಗೂ ಮನೆಗೂ ನಡುವಿನ ತಂತಿಯ ಮೇಲೆ ಹರವಲು ಹೋದೆ. ಹರವಿದವಳು ಅಲ್ಲೇ ನಿಂತೆ. ನಾನು ಈ ಮನೆಗೆ ಬಂದಾಗಿನಿಂದ ಬಟ್ಟೆ ಒಣಗಿಸುತ್ತ ಬಂದ ತಂತಿಯಲ್ಲಿ ಎರಡು ಎಳೆ. ಒಂದು ಕಪ್ಪು, ಒಂದು ಕೆಂಪು. ಕೆಂಪು ಬಿಸಿಲಿಗೆ ಬಿಳಚಿಕೊಂಡಿತ್ತು, ಆದರೆ ಕ್ಲಿಪ್ಪು ಕಚ್ಚಿದಲ್ಲಿ ಅದೇ ಕೆಂಪು. ಒಂದು ತುದಿ ಡಿಕ್ಕಿಯ ನೇರಕ್ಕೆ ಶೆಡ್ಡಿನ ಮೊಳೆಗೆ ಸುತ್ತಿತ್ತು. ಇನ್ನೊಂದು ತುದಿ ಹಂಚಿನಡಿಯಿಂದ ಒಳಗೆ ಹೋಗಿ ಜಗುಲಿಯ ಕ್ಯಾಲೆಂಡರಿನ ಹಿಂದೆ ಇಳಿದಿತ್ತು.

"ಇದು ಕಾರಿಂದ ಮನೆಗೆ ಬರ್ತಿತ್ತು" ಎಂದೆ.

ನಾವು ಅಷ್ಟು ಹೊತ್ತು ಅದರ ತುದಿಯನ್ನು ಕಾರಿನೊಳಗೇ ಹುಡುಕಿದ್ದೆವು.

ಅತ್ತೆ ಕುರ್ಚಿಯಲ್ಲೇ ತಿರುಗಿ ಕ್ಯಾಲೆಂಡರ್ ನೋಡಿ ಇವರಿಗೆ ಹೇಳಿದರು: "ಓ, ಅದು ಟೀವಿದು. ತಮ, ನೀನು ಆಗ ಧಾರವಾಡದ ಹಾಸ್ಟೆಲಲ್ಲಿ ಇದ್ದಿದ್ದೆ. ಭಾನುವಾರ ಬೆಳಗಾತು ಅಂದ್ರೆ ಕರೆಂಟು ಹೋಗ್ತಿತ್ತು. ಕೇರಿ ಜನ ಎಲ್ಲ ಇಲ್ಲಿ, ಕಾರಿನ ಬ್ಯಾಟ್ರಿ ಮೇಲೆ ಟೀವಿ. ಬ್ಯಾಟ್ರಿ ಇಳೀತು ಹೇಳಿ ನಿನ್ನ ಅಪ್ಪಯ್ಯ ಶೆಡ್ಡಲ್ಲಿ ಕಾರು ಚಾಲು ಮಾಡ್ಕ್ಯಂಡು ಕೂತ್ಕತ್ತಿದ್ದ."

"ಮತ್ತೆ ಟೀವಿ ನೋಡ್ತಿದ್ನಿಲ್ಯ?" ಎಂದು ಇವರು ಕೇಳಿದರು.

"ಒಂದು ದಿನಾನೂ ನೋಡಿದ್ನಿಲ್ಲೆ. ಊಟಕ್ಕೆ ಕೂತಾಗ ಆನು ಕತೆ ಹೇಳ್ತಿದ್ದಿ. ಪೂರಾ ಕೇಳಿಕ್ಕಿ, ಮುಂದಿನ ವಾರ ಎಂತ ಆಗ್ತು ಹೇಳಿ ಎನ್ನನ್ನೇ ಕೇಳ್ತಿದ್ದ."

ಭಾಯಿ ಚಹಾ ಮುಗಿಸಿ ಲೋಟವನ್ನು ಕಟ್ಟೆಯ ಮೇಲಿಟ್ಟರು. ವೈರಿನ ಕೆಲಸ ತಿಳಿಯುವವರೆಗೆ ಕತ್ತರಿಸುವುದು ಬೇಡ ಎಂದಿದ್ದ ಇವರಿಗೆ ಈಗ ತಿಳಿದ ಮೇಲೆ ಇನ್ನೂ ಕಷ್ಟವಾಯಿತು.

"ಹೊಸ ಟೇಪು ಸುತ್ತಿ ಬಿಟ್ರೆ ಹೆಂಗೆ ಭಾಯಿ?"

ಭಾಯಿ ಉತ್ತರ ಕೊಡುವ ಮೊದಲೇ ಅತ್ತೆ ಹೇಳಿದರು: "ಟೇಪು ಬ್ಯಾಡ, ಕತ್ತರಿಸು. ಅಂವ ಅದ್ನ ಹಾಕಿದ್ದು ಎನ್ನ ಸಲುವಾಗಿ. ಎಂಗೆ ಈಗ ಬೇಕಾಗಿದ್ದು ಚಂದಗುಳಿಗೆ ಹೋಪದು."

ಕತ್ತರಿಯನ್ನು ಇವರೇ ತೆಗೆದುಕೊಂಡರು. ಬ್ಯಾಟರಿಯ ಕಡೆಯಿಂದ ಕತ್ತರಿಸಿ, ಮ್ಯಾಟಿನಡಿಯಿಂದ ಪೂರ್ತಿ ಎಳೆದು ತೆಗೆದರು.

ಮುಂದಿನ ವಾರ ಚಂದಗುಳಿಗೆ ಹೋದೆವು. ಹೊಂಡ ಬಂದಾಗಲೆಲ್ಲ ಮೂವರೂ ಮೂಗೆಳೆದು ನೋಡಿದೆವು. ಅತ್ತೆಯ ಚೀಲದಲ್ಲಿದ್ದ ಊದಿನಕಡ್ಡಿಯ ವಾಸನೆ ಬಿಟ್ಟರೆ ಏನೂ ಬರಲಿಲ್ಲ. ಅತ್ತೆ ಬಾಗಿಲು ಹಿಡಿದು ಇಳಿದು, ನನ್ನ ಭುಜ ಹಿಡಿದು ನಡೆದು, ಗಂಟೆಯನ್ನು ತಮ್ಮ ಕೈಯಾರೆ ಅರ್ಚಕರಿಗೆ ಕೊಟ್ಟರು. ಅವರು ಅದನ್ನು ಅಲ್ಲಿದ್ದ ನೂರಾರು ಗಂಟೆಗಳ ಸಾಲಿಗೆ ಕಟ್ಟಿದರು. ಪ್ರದಕ್ಷಿಣೆ ಮುಗಿಸಿ ಬಂದು ನೋಡಿದರೆ ನಮ್ಮದು ಯಾವುದೆಂದು ಗೊತ್ತಾಗಲಿಲ್ಲ. ಇವರು ಕತ್ತೆತ್ತಿ ಹುಡುಕತೊಡಗಿದರು.

"ಹುಡುಕ್ತ ಕೂರಡ ತಮ. ಕೊಟ್ಟಿದ್ದು ಗಣಪತಿ ನೋಡಿದ್ದ" ಎಂದರು ಅತ್ತೆ. "ಹೋಪನ, ಹಶ್ವಾಗ್ತು."