ಮೈಕಿಲ್ಲದೆ ನುಡಿಸಿದ ಬ್ಯಾಂಜೊ

ನಮ್ಮ ಬ್ಲೂಗ್ರಾಸ್ ತಂಡದ ಬ್ಯಾಂಜೊ ವಾದಕರು ಕಳೆದ ವರ್ಷ ತೀರಿಕೊಂಡರು. ಮಂಗಳೂರಿನ ಕಡೆಯವರು; ದುಬೈಯಲ್ಲಿ ಲಿಫ್ಟ್ ರಿಪೇರಿ ಮಾಡುತ್ತಿದ್ದರು. ಅಮೆರಿಕದ ಬೆಟ್ಟಸೀಮೆಯ ಆ ಚುರುಕಾದ ತಂತಿಸಂಗೀತವನ್ನು ಊರಿನಲ್ಲಿದ್ದಾಗಲೇ ಕ್ಯಾಸೆಟ್ ಕೇಳಿ ಕೇಳಿ ಕಲಿತಿದ್ದರಂತೆ. ನುಡಿಸುವ ಮುನ್ನ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡು, “ಯಲ್ಲಾ, ಶುರು ಮಾಡುವ, ಹೆದರ್ಲಿಕ್ಕೆ ಎಂಥ ಉಂಟು?” ಎನ್ನುತ್ತಿದ್ದರು.

ಒಮ್ಮೆ ದುಬೈಯ ಅಲ್ ಕೂಜ್‌ ಬಡಾವಣೆಯ ಗೋದಾಮೊಂದರಲ್ಲಿ ನಮ್ಮ ಕಾರ್ಯಕ್ರಮವಿತ್ತು. ಮೊದಲ ಹಾಡಿಗೇ ಮೈಕು ಕೆಟ್ಟಿತು. ಆಯೋಜಕ ಓಡಿ ಬಂದು, “ಖಲಾಸ್ ಗುರೂ, ಕ್ಯಾನ್ಸಲ್ ಮಾಡಿಬಿಡೋಣ” ಎಂದ. ನಾನು ಹೆಗಲಿನಿಂದ ಗಿಟಾರಿನ ಪಟ್ಟಿ ಬಿಚ್ಚತೊಡಗಿದೆ.

“ಮೈಕ್ ಕೆಟ್ರೆ ಕೆಡ್ಲಿ ಮಾರಾಯಾ, ನಮ್ಮ ಬೆರಳು ಉಂಟಲ್ಲ!” ಎಂದವರೇ ಅವರು ವೇದಿಕೆಯಿಂದ ಇಳಿದು, ಕುರ್ಚಿಗಳ ನಡುವೆ ನಿಂತು ನುಡಿಸತೊಡಗಿದರು. ನಾವೂ ಇಳಿದು ಅವರ ಸುತ್ತ ನಿಂತೆವು. ಜನ ಮಾತು ನಿಲ್ಲಿಸಿ ಹತ್ತಿರ ಸರಿದರು. ಕೊನೆಯ ಹಾಡಿನವರೆಗೂ ಒಬ್ಬರೂ ಎದ್ದುಹೋಗಲಿಲ್ಲ.

ಮುಗಿದ ಮೇಲೆ ಅಮೆರಿಕದ ಹಿರಿಯರೊಬ್ಬರು ಕಣ್ಣೊರೆಸಿಕೊಳ್ಳುತ್ತ ಬಂದು, “ನಮ್ಮಪ್ಪ ಥೇಟ್ ಹೀಗೇ ನುಡಿಸುತ್ತಿದ್ದ. ನೀವು ಅಮೆರಿಕದ ಯಾವ ರಾಜ್ಯದಲ್ಲಿ ಕಲಿತಿರಿ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನಮ್ಮವರು ನೆಟ್ಟಗೆ ನಿಂತು, “ಕರ್ನಾಟಕ, ಸರ್” ಎಂದರು.

ಆ ಹಿರಿಯರು ರಾಜ್ಯದ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ನಿಧಾನವಾಗಿ ತಲೆಯ ಮೇಲಿನ ಟೋಪಿ ತೆಗೆದರು.